17 ಇಂಚ್ ಅಲಾಯ್ ಹಾಕಿಸಿದ ಮೇಲೆ ಎಷ್ಟು ಗಾಳಿ? ಬಾಗಿಲ ಸ್ಟಿಕ್ಕರ್‌ನ 33 ಈಗಲೂ ನಡೆಯುತ್ತಾ?

ಹಾಸನದ_ಹೈವೇ
ಎಲ್ಲರಿಗೂ ನಮಸ್ಕಾರ. ಕಂಪನಿಯಿಂದ ಬಂದ 15 ಇಂಚಿನ ಚಕ್ರ ತೆಗೆಸಿ ಹೊರಗಡೆ 17 ಇಂಚಿನ ಅಲಾಯ್ ಹಾಕಿಸಿದ್ದೇನೆ. ಹಳೇ ಟೈರು 185/65 ಆರ್15 88ಎಚ್. ಹೊಸದು 205/45 ಆರ್17 88ಡಬ್ಲ್ಯೂ, ಪಕ್ಕದಲ್ಲಿ ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಅಂತಲೂ ಇದೆ. ಡ್ರೈವರ್ ಬಾಗಿಲ ಸ್ಟಿಕ್ಕರ್ ಪ್ರಕಾರ ನಾಲ್ಕಕ್ಕೂ 33 ಪಿಎಸ್‌ಐ, ಫುಲ್ ಲೋಡ್ ಆದರೆ ಹಿಂದೆ 36.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅಲಾಯ್ ಅಂಗಡಿಯವನು 30 ಹಾಕಿ "ಸ್ಮೂತ್ ಆಗಿರುತ್ತೆ ಸರ್" ಅಂತ ಕಳಿಸಿದ. ಬಂಕಿನ ಹುಡುಗ ಕೇಳದೆಯೇ 35 ಹೊಡೆದ. ನಮ್ಮ ಭಾವ 40 ಹಾಕು, ಮೈಲೇಜ್ ಬರುತ್ತೆ ಅಂತಾರೆ. ಟೈರ್ ಮೇಲೆ ನೋಡಿದರೆ ಮ್ಯಾಕ್ಸ್ 51 ಅಂತ ಬರೆದಿದೆ! ಶಿರಾಡಿ ಇಳಿದು ಮಂಗಳೂರಿಗೆ ಹೋಗಿಬರುವುದು ನನಗೆ ಮಾಮೂಲು, ಜೊತೆಗೆ ಅಪ್ಪ ಅಮ್ಮ, ಲಗೇಜು. ಎಷ್ಟು ಹಾಕಲಿ?

ಕಾರಿನ ಹೆಸರು ಬೇಕಂತಲೇ ಹೇಳಿಲ್ಲ. ಹೇಳಿದರೆ ಮೈಲೇಜ್ ಮೇಲೋ ತಗಡು ಮೇಲೋ ಅಂತ ನಾಲ್ಕು ಪುಟ ಜಗಳ ಆಗುತ್ತೆ. ಹ್ಯಾಚ್‌ಬ್ಯಾಕ್ ಅಂದುಕೊಳ್ಳಿ.

ಸುಮ್ನೆ_ಬಂದೆ
ಹೆಸರು ಹೇಳದಿದ್ದರೂ ಜಗಳ ಆಗುತ್ತೆ ಗುರೂ, ಚಿಂತೆ ಬೇಡ.

ಬಾಗಿಲ_ಸ್ಟಿಕ್ಕರ್
33. ಮುಗೀತು. ಕಾರು ಮಾಡಿದವರಿಗಿಂತ ಜಾಸ್ತಿ ಗೊತ್ತಿರುವವರು ಇಲ್ಲಿ ಯಾರೂ ಇಲ್ಲ. ಕಾರಿನ ತೂಕ ಅದೇ, ಸಸ್ಪೆನ್ಷನ್ ಅದೇ. ಚಕ್ರ ಬದಲಾದ ಮಾತ್ರಕ್ಕೆ ಗಾಳಿ ಯಾಕೆ ಬದಲಾಗಬೇಕು?

ಗಾಳಿಪಟ_ಗಿರಿ
ಮ್ಯಾಕ್ಸ್ 51 ಇದೆ ಅಂದರೆ ಅದರ ಮುಕ್ಕಾಲು ಭಾಗ, ಅಂದರೆ 38 ಹಾಕಬೇಕು. ನಾನು ಎಲ್ಲಾ ಗಾಡಿಗೂ ಇದೇ ಲೆಕ್ಕ ಹಿಡಿಯುವುದು.

ಮೆಕ್ಯಾನಿಕಲ್_ಮೇಡಂ
ಗಿರಿ, ಆ 51 ಟೈರ್ ತಡೆದುಕೊಳ್ಳುವ ಮಿತಿ. ಯಾವ ಕಾರಿಗೆ ಎಷ್ಟು ಬೇಕು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಒಂದೇ ಅಳತೆಯ ಟೈರಿನ ಮೇಲೆ ಒಂದು ಕಂಪನಿ 44 ಬರೆಯುತ್ತದೆ, ಇನ್ನೊಂದು 51 ಬರೆಯುತ್ತದೆ. ನಿಮ್ಮ ಮುಕ್ಕಾಲು ಲೆಕ್ಕ ಹಿಡಿದರೆ ಒಂದಕ್ಕೆ 33, ಇನ್ನೊಂದಕ್ಕೆ 38 ಬರುತ್ತದೆ. ಕಾರು ಮಾತ್ರ ಅದೇ.

ಸ್ಟಿಕ್ಕರ್ ಅವರೇ, ಅರ್ಧ ಸರಿ ನಿಮ್ಮ ಮಾತು. ರಿಮ್ ಬದಲಾದ ಮಾತ್ರಕ್ಕೆ ಗಾಳಿ ಬದಲಾಗಬೇಕಿಲ್ಲ. ಆದರೆ ಇಲ್ಲಿ ಟೈರೇ ಬದಲಾಗಿದೆಯಲ್ಲ. ಆ 33 ಬರೆದದ್ದು 185/65 ಆರ್15 88ಕ್ಕೆ. ಸ್ಟಿಕ್ಕರ್ ಮೇಲೆ ಗಾಳಿಯ ಪಕ್ಕದಲ್ಲೇ ಟೈರ್ ಅಳತೆಯನ್ನೂ ಯಾಕೆ ಅಚ್ಚು ಹಾಕುತ್ತಾರೆ ಅಂದುಕೊಂಡಿದ್ದೀರಿ?

ನೋಡಬೇಕಾದ್ದು ಲೋಡ್ ಇಂಡೆಕ್ಸ್, ಅಂದರೆ ಅಳತೆ ಆದ ಮೇಲೆ ಬರುವ ಆ 88. ಅದರ ಅರ್ಥ ಒಂದು ಟೈರು ಹೆಚ್ಚೆಂದರೆ 560 ಕೆಜಿ ಹೊರುತ್ತದೆ. ಆದರೆ ಎಷ್ಟು ಗಾಳಿ ಇದ್ದಾಗ? ಯುರೋಪಿನ ಟೈರ್ ಮಾನದಂಡದ ಪ್ರಕಾರ ಸಾಮಾನ್ಯ ಟೈರಿಗೆ 2.5 ಬಾರ್, ಅಂದರೆ 36 ಪಿಎಸ್‌ಐ ಇದ್ದಾಗ. ಎಕ್ಸ್‌ಎಲ್ ಟೈರಿಗೆ 2.9 ಬಾರ್, ಅಂದರೆ 42 ಇದ್ದಾಗ. ಗಾಳಿ ಕಡಿಮೆ ಆದಂತೆ ಹೊರುವ ಶಕ್ತಿಯೂ ಇಳಿಯುತ್ತದೆ.

ಲೆಕ್ಕ ಹಾಕಿದೆ. ಹಳೇ ಟೈರು 33ರಲ್ಲಿ ಸುಮಾರು 522 ಕೆಜಿ ಹೊರುತ್ತಿತ್ತು. ಹೊಸ ಎಕ್ಸ್‌ಎಲ್ ಅದೇ 33ರಲ್ಲಿ ಹೊರುವುದು ಸುಮಾರು 462 ಕೆಜಿ. ಒಂದೊಂದು ಚಕ್ರಕ್ಕೆ 60 ಕೆಜಿ ಕೈಬಿಟ್ಟು ಹೋಯಿತು. ಹಳೇ 522 ವಾಪಸ್ ಬೇಕಂದರೆ 38ರಿಂದ 39 ಹಾಕಬೇಕು.

ಹಾಸನದ_ಹೈವೇ
ಮೇಡಂ, ಎಕ್ಸ್‌ಎಲ್ ಅಂದರೆ ಇನ್ನೂ ಗಟ್ಟಿ ಟೈರು ಅಲ್ವಾ? ಗಟ್ಟಿ ಇದ್ದಮೇಲೆ ಗಾಳಿ ಕಡಿಮೆ ಸಾಕಾಗಬೇಕಿತ್ತು. ಅಂಗಡಿಯವನು ಹೇಳಿದ್ದೂ ಅದೇ.

ಮೆಕ್ಯಾನಿಕಲ್_ಮೇಡಂ
ಎಲ್ಲರೂ ಎಡವುವುದು ಇಲ್ಲೇ. ಕಾರಿನ ಭಾರ ಹೊರುವುದು ರಬ್ಬರಿಗಿಂತ ಜಾಸ್ತಿ ಒಳಗಿನ ಗಾಳಿ. ಎಕ್ಸ್‌ಎಲ್‌ನಲ್ಲಿ ಒಳಗಿನ ಕಟ್ಟುವಿಕೆ ಗಟ್ಟಿ ಮಾಡಿರುವುದು ಜಾಸ್ತಿ ಗಾಳಿ ತಡೆಯಲಿ ಅಂತ. ಆ ಜಾಸ್ತಿ ಗಾಳಿ ತುಂಬದಿದ್ದರೆ ಜಾಸ್ತಿ ಭಾರ ಹೊರುವ ಶಕ್ತಿಯೂ ಬರಲ್ಲ. 205/45 ಆರ್17ರಲ್ಲಿ ಸಾಮಾನ್ಯ ಟೈರಿಗೆ 84 ಇರುತ್ತದೆ, ಅಂದರೆ 500 ಕೆಜಿ. ಎಕ್ಸ್‌ಎಲ್‌ಗೆ 88. ಆ 4 ಅಂಕಿ ಗಳಿಸಿಕೊಂಡಿರುವುದೇ 42 ಪಿಎಸ್‌ಐ ಲೆಕ್ಕದ ಮೇಲೆ.

ಬಾಗಿಲ_ಸ್ಟಿಕ್ಕರ್
ಹೆದರಿಸಬೇಡಿ ಮೇಡಂ. ಹ್ಯಾಚ್‌ಬ್ಯಾಕ್ ಅಂದರೆ ಜನ ಲಗೇಜು ಎಲ್ಲಾ ಸೇರಿ 1,400 ಕೆಜಿ ಒಳಗೆ. ಒಂದು ಚಕ್ರಕ್ಕೆ 350, ಎಲ್ಲರೂ ಹಿಂದೆಯೇ ಕೂತರೂ 400 ದಾಟಲ್ಲ. ನಿಮ್ಮದೇ ಲೆಕ್ಕದಲ್ಲಿ 33ಕ್ಕೆ 462 ಕೆಜಿ ಇದೆ. ಇನ್ನೂ 60 ಉಳಿಯುತ್ತೆ. ಮತ್ತೆ ಯಾಕೆ ಕಲ್ಲಿನ ಹಾಗೆ ಗಾಳಿ ತುಂಬಬೇಕು?

ಮೆಕ್ಯಾನಿಕಲ್_ಮೇಡಂ
ಒಳ್ಳೇ ಪ್ರಶ್ನೆ, ಇದಕ್ಕೆ ಜಗಳ ಮಾಡಬಹುದು. ನಿಂತ ಕಾರಿಗೆ 462 ಧಾರಾಳವಾಗಿ ಸಾಕು. ಆದರೆ ಕಾರು ನಿಂತಿರಲ್ಲ. ಶಿರಾಡಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಿನ ಹೊರಗಡೆ ಚಕ್ರಕ್ಕೆ ಬೀಳುತ್ತದೆ. ಗುಂಡಿಗೆ ಬಿದ್ದರೆ ಕ್ಷಣಮಾತ್ರಕ್ಕೆ ಎಷ್ಟೋ ಪಟ್ಟು. ಅದಕ್ಕೇ ಕಂಪನಿ ಇಷ್ಟು ಅಂತರ ಇಟ್ಟಿರುತ್ತದೆ. ಆ ಅಂತರವನ್ನು ಹಾಗೇ ಉಳಿಸಿಕೊಳ್ಳಿ ಅನ್ನುವುದಷ್ಟೇ ನನ್ನ ವಾದ. ಅದೂ ಅಲ್ಲದೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಮೊದಲು 120 ಮಿಮೀ ಇತ್ತು, ಈಗ 92. ರಿಮ್ಮಿಗೂ ರಸ್ತೆಗೂ ನಡುವೆ ಇದ್ದ ಮೆತ್ತೆ ಒಂದು ಇಂಚಿಗಿಂತ ಜಾಸ್ತಿ ಕಮ್ಮಿ ಆಗಿದೆ. ಹೀಗಿರುವಾಗ ಗಾಳಿಯನ್ನೂ ಇಳಿಸುವುದೇ?

ಟೈರ್_ಅಂಗಡಿ_ಚಿಕ್ಕಮಗಳೂರು
ನನ್ನದು ಟೈರ್ ಅಂಗಡಿ, ಅಪ್ಪನ ಕಾಲದ್ದು. ಲೆಕ್ಕ ನನಗೆ ಗೊತ್ತಿಲ್ಲ, ಅಂಗಡಿಗೆ ಬರುವ ಗಾಡಿ ಗೊತ್ತು. ಮಳೆಗಾಲ ಮುಗಿದ ಮೇಲೆ ಬರುವ ಬೆಂಡ್ ರಿಮ್ಮುಗಳಲ್ಲಿ ದೊಡ್ಡ ಪಾಲು ಹೊರಗಿನ ಅಲಾಯ್, 45 ಅಥವಾ 50 ಪ್ರೊಫೈಲ್, ಅಂದರೆ ಸೈಡ್‌ವಾಲ್ ಎತ್ತರ ಟೈರಿನ ಅಗಲದ ಶೇ. 45 ಅಥವಾ 50 ಮಾತ್ರ. ಬಂದವರನ್ನು ಗಾಳಿ ಎಷ್ಟಿತ್ತು ಅಂತ ಕೇಳಿದರೆ "ಸ್ಮೂತ್ ಇರಲಿ ಅಂತ 28" ಅಂತಾರೆ. ಗುಂಡಿಗೆ ಇಳಿದಾಗ ಟೈರು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಜಜ್ಜಿ ಹೋಗುತ್ತದೆ. ಒಳಗಿನ ದಾರ ತುಂಡಾಗಿ ಸೈಡ್‌ವಾಲ್ ಮೇಲೆ ಗುಳ್ಳೆ ಬರುತ್ತದೆ. ಗುಳ್ಳೆ ಬಂದ ಟೈರಿಗೆ ಪ್ಯಾಚ್ ಇಲ್ಲ, ಬಿಸಾಕಬೇಕು ಅಷ್ಟೇ.

ಇನ್ನೊಂದು ಮಾತು. ಬೆಂಡ್ ಆದ ಅಲಾಯನ್ನು ಕಾಯಿಸಿ ಬಡಿದು ನೇರ ಮಾಡಿಕೊಡುವವರು ಎಲ್ಲಾ ಊರಲ್ಲೂ ಇದ್ದಾರೆ. ಕಾಯಿಸಿದ ಜಾಗ ಮೊದಲಿನ ಗಟ್ಟಿ ಇರಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನಿಧಾನಕ್ಕೆ ಗಾಳಿ ಹೋಗುತ್ತಿರುತ್ತದೆ, ನೀವು ಪಂಚರ್ ಹುಡುಕುತ್ತಾ ಇರುತ್ತೀರಿ.

ಗಾಳಿಪಟ_ಗಿರಿ
ಅಂತೂ 38 ಅಂತಲೇ ಆಯ್ತಲ್ಲ. ನಾನು ಹೇಳಿದ್ದೂ 38.

ಮೆಕ್ಯಾನಿಕಲ್_ಮೇಡಂ
ಉತ್ತರ ಸರಿ, ಮಾಡಿದ ವಿಧಾನ ತಪ್ಪು. ಪರೀಕ್ಷೆಯಲ್ಲಾದರೆ ಅರ್ಧ ಮಾರ್ಕು.

ಬಿಸಿಲನಾಡು
ನಮ್ಮ ಕಲಬುರಗಿ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು ರೀ. ರೋಡಿನ ಮ್ಯಾಲೆ ರೊಟ್ಟಿ ಬೇಯಿಸಬಹುದು. 38 ಹಾಕಿದರೆ ಬಿಸಿಗೆ ಟೈರ್ ಸಿಡಿಯುತ್ತೆ ಅಂತ ನಮ್ಮಲ್ಲಿ ಎಲ್ಲರೂ 28ಕ್ಕೆ ಇಳಿಸುತ್ತಾರೆ. ಇದಕ್ಕೇನು ಹೇಳ್ತೀರಿ?

ಮೆಕ್ಯಾನಿಕಲ್_ಮೇಡಂ
ದಯವಿಟ್ಟು ಇಳಿಸಬೇಡಿ. ಟೈರ್ ಸಿಡಿಯುವುದರ ಹಿಂದೆ ಜಾಸ್ತಿ ಗಾಳಿಗಿಂತ ಕಡಿಮೆ ಗಾಳಿಯೇ ದೊಡ್ಡ ಕಾರಣ. ಗಾಳಿ ಕಡಿಮೆ ಇದ್ದಷ್ಟೂ ಸೈಡ್‌ವಾಲ್ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ, ಮಡಚಿದಷ್ಟೂ ಒಳಗೆ ಕಾಯುತ್ತದೆ. ಹೊರಗಿನ ಬಿಸಿಲಿಗೆ ಇದೂ ಸೇರಿದರೆ ರಬ್ಬರ್ ಪದರ ಬಿಡುತ್ತದೆ. ಸ್ಟಿಕ್ಕರ್ ಹೇಳುವುದು ತಣ್ಣಗಿದ್ದಾಗಿನ ಅಂಕಿ. ಹೈವೇಯಲ್ಲಿ ಓಡಿದ ಮೇಲೆ 4-5 ಪಿಎಸ್‌ಐ ಏರುವುದು ಲೆಕ್ಕದಲ್ಲಿ ಸೇರಿದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗಿ ಕೂತಿರುತ್ತದೆ.

ಬಿಸಿಲನಾಡು
ಹಂಗಾದ್ರ ಬೆಳಿಗ್ಗೆ ಎದ್ದು ನೋಡಬೇಕು ಅನ್ರಿ. ಬಂಕ್ ನಮ್ಮ ಮನೆಯಿಂದ 8 ಕಿಲೋಮೀಟರ್. ಅಲ್ಲಿಗೆ ಹೋಗೋದರಾಗ ಟೈರು ಬಿಸಿ ಆಗಿರ್ತದಲ್ಲ!

ಟೈರ್_ಅಂಗಡಿ_ಚಿಕ್ಕಮಗಳೂರು
ಸ್ವಂತ ಗೇಜ್ ಇಟ್ಟುಕೊಳ್ಳಿ ಸರ್, ಕೆಲವು ನೂರು ರೂಪಾಯಿ ಅಷ್ಟೇ. ಮನೆಯಲ್ಲಿ ತಣ್ಣಗಿದ್ದಾಗ ಅಳೆಯಿರಿ, ಎಷ್ಟು ಕಡಿಮೆ ಇದೆ ಬರೆದುಕೊಳ್ಳಿ. ಬಂಕಿಗೆ ಹೋದಾಗ ಅಲ್ಲಿ ಎಷ್ಟು ತೋರಿಸಿದರೂ ಸರಿ, ಅದಕ್ಕೆ ಆ ಕಡಿಮೆ ಇದ್ದಷ್ಟು ಸೇರಿಸಿ. 3 ಕಮ್ಮಿ ಇತ್ತು, ಅಲ್ಲಿ 37 ತೋರಿಸಿತು ಅಂದರೆ 40 ಹಾಕಿಸಿ.

ಸುಮ್ನೆ_ಬಂದೆ
ನಮ್ಮ ಏರಿಯಾ ಬಂಕ್ ಮೆಷಿನ್‌ನಲ್ಲಿ 40 ಒತ್ತಿದರೆ ಪೈಪ್ ತೂತಿಂದ 10 ಆಚೆ ಹೋಗುತ್ತೆ. ಒಳಗೆ ಸರಿಯಾಗಿ 30. ಸರ್ಕಾರಿ ಲೆಕ್ಕ.

ಕುಡ್ಲದ_ಕಾರು
ಒಂದು ಡೌಟ್ ಮಾರಾಯ್ರೆ. ಮಂಗಳೂರಿನಲ್ಲಿ 33 ಇಟ್ಟು ಹೊರಡುತ್ತೇನೆ. ಬೆಂಗಳೂರಿನಲ್ಲಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ 33ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಬೆಂಗಳೂರು ತಂಪು, ಕಡಿಮೆ ಆಗಬೇಕಿತ್ತಲ್ಲ?

ಶಿಕಾಗೋ_ಶಾನುಭೋಗ
ಇದು ಮಜವಾದ ಪ್ರಶ್ನೆ. ಗೇಜ್ ತೋರಿಸುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಜಾಸ್ತಿ ಅಂತ. ಮಂಗಳೂರು ಸಮುದ್ರದ ಮಟ್ಟ, ಅಲ್ಲಿ ಹೊರಗಿನ ಗಾಳಿ 14.7 ಪಿಎಸ್‌ಐ. ಬೆಂಗಳೂರು 900 ಮೀಟರ್ ಮೇಲೆ, ಅಲ್ಲಿ ಸುಮಾರು 13.2. ಹೊರಗೆ 1.5 ಕಡಿಮೆ ಆಯಿತು, ಹಾಗಾಗಿ ಗೇಜ್ 1.5 ಜಾಸ್ತಿ ತೋರಿಸುತ್ತದೆ. ತಂಪಿನಿಂದ 5-6 ಡಿಗ್ರಿಗೆ 1 ಪಿಎಸ್‌ಐ ಇಳಿಯುತ್ತದೆ. ಎರಡೂ ಸೇರಿ ಹೆಚ್ಚುಕಮ್ಮಿ ಅಲ್ಲಿಂದಲ್ಲಿಗೆ.

ಇಲ್ಲಿ ಜನವರಿಯಲ್ಲಿ ಕಥೆಯೇ ಬೇರೆ. ಬಿಸಿ ಗ್ಯಾರೇಜಿನಲ್ಲಿ ತುಂಬಿಸಿದ ಗಾಳಿ ಹೊರಗೆ ಮೈನಸ್ 18ಕ್ಕೆ ಬಂದರೆ 6 ಪಿಎಸ್‌ಐ ಮಾಯ. ನಾನು ಚಳಿಗಾಲಕ್ಕೆ ಹೊರಗಿನ ಬೇರೆ ರಿಮ್ ಸೆಟ್ ಇಟ್ಟಿದ್ದೇನೆ, ಆದ್ದರಿಂದ ಈ ತಲೆನೋವು ಗೊತ್ತು. ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ ಎಲ್ಲಾ ಹೊಸ ಕಾರುಗಳಿಗೂ ಟೈರ್ ಗಾಳಿ ತೋರಿಸುವ ಟಿಪಿಎಂಎಸ್ ಕಡ್ಡಾಯ. ಸ್ಟಿಕ್ಕರ್ ಅಂಕಿಗಿಂತ ಶೇ. 25 ಇಳಿದರೆ ದೀಪ ಹತ್ತಬೇಕು ಅನ್ನುವುದು ನಿಯಮ. 33 ಇದ್ದರೆ ಸುಮಾರು 25ಕ್ಕೆ ದೀಪ. ಈಗ ಹೊಸ ಟೈರಿಗೆ 38 ಬೇಕು ಅಂದುಕೊಳ್ಳಿ. ಕಾರಿಗೆ ಅದು ಗೊತ್ತಿಲ್ಲ. ಅದು ಈಗಲೂ 25ರ ತನಕ ಸುಮ್ಮನೆ ಕೂತಿರುತ್ತದೆ. ಹೊರಗಿನ ಚಕ್ರ ಹಾಕಿದವರು ದೀಪ ನಂಬಿಕೊಂಡು ಕೂರಬಾರದು.

ಬಾಗಿಲ_ಸ್ಟಿಕ್ಕರ್
ಅಮೆರಿಕದವರು ಅಷ್ಟೆಲ್ಲ ಶಿಸ್ತು ಅಂತೀರಿ. ಅಲ್ಲಿನ ಕಂಪನಿಯೇ ಕಡಿಮೆ ಗಾಳಿ ಬರೆದಿರಲಿಲ್ಲವೇ?

ಶಿಕಾಗೋ_ಶಾನುಭೋಗ
ಹೌದು ಸರ್, ಅದೇ ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಸ್‌ಯುವಿ ಪ್ರಕರಣ. ಫೋರ್ಡ್ ಬರೆದದ್ದು 26 ಪಿಎಸ್‌ಐ. ಟೈರಿನ ಮೇಲ್ಪದರ ಕಿತ್ತು ಗಾಡಿಗಳು ಪಲ್ಟಿಯಾದವು. 2000ದ ಆಗಸ್ಟ್‌ನಲ್ಲಿ ಟೈರ್ ಕಂಪನಿ ಫೈರ್‌ಸ್ಟೋನ್ 65 ಲಕ್ಷ ಟೈರ್ ವಾಪಸ್ ಕರೆಸಿತು. ಟೈರಿನದೇ ದೋಷ ಅಂತ ಫೋರ್ಡ್‌ನವರು, ಗಾಳಿ ಕಡಿಮೆ ಬರೆದದ್ದು ತಪ್ಪು ಅಂತ ಫೈರ್‌ಸ್ಟೋನ್‌ನವರು. ಅದೇ ವರ್ಷ ಬಂದ ಕಾನೂನಿನಿಂದಲೇ ಟಿಪಿಎಂಎಸ್ ಕಡ್ಡಾಯ ಆದದ್ದು. ಇದು ನಿಮ್ಮ "ಸ್ಟಿಕ್ಕರ್ ದೇವರು" ವಾದಕ್ಕೆ ವಿರುದ್ಧ ಅಲ್ವಾ?

ಬಾಗಿಲ_ಸ್ಟಿಕ್ಕರ್
ದೇವರು ಅಂತ ನಾನು ಹೇಳಿಲ್ಲ. ಬಂಕಿನ ಹುಡುಗನಿಗಿಂತ ವಾಸಿ ಅಂತ ಹೇಳುತ್ತಿದ್ದೇನೆ. ಆಯ್ತು, 33 ಅಲ್ಲದಿದ್ದರೆ 36. ಅದಕ್ಕಿಂತ ಮೇಲೆ ನಾನು ಒಪ್ಪಲ್ಲ. 45 ಪ್ರೊಫೈಲ್‌ನಲ್ಲಿ 38 ಹಾಕಿ ಹಾಸನದಿಂದ ಸಕಲೇಶಪುರ ಹೋಗಿ ನೋಡಿ, ಹಿಂದೆ ಕೂತ ಅಪ್ಪ ಅಮ್ಮನ ಬೆನ್ನು ಏನಂತ ಹೇಳುತ್ತೆ.

ಮೆಕ್ಯಾನಿಕಲ್_ಮೇಡಂ
ಇಬ್ಬರೇ ಹೋಗುವಾಗ 36 ಅಂದರೆ ನಾನೂ ತಕರಾರು ಮಾಡಲ್ಲ. 36ರಲ್ಲಿ ಸುಮಾರು 495 ಕೆಜಿ ಬರುತ್ತದೆ. 38ರಲ್ಲಿ 517. ಆದರೆ ಫುಲ್ ಲೋಡ್‌ಗೆ ಹಿಂದೆ ಹಳೇದು 36 ಅಲ್ವಾ, ಅದಕ್ಕೆ ಸಮ ಅಂದರೆ ಎಕ್ಸ್‌ಎಲ್‌ನಲ್ಲಿ 42. ಟೈರಿನ 51ರ ಮಿತಿಯೊಳಗೇ ಇದೆ.

ಬೆನ್ನುನೋವಿನ ಮಾತು ನಿಜ. ಅದಕ್ಕೆ ಮದ್ದು ಗಾಳಿ ಇಳಿಸುವುದಲ್ಲ, 17 ಬಿಟ್ಟು 16 ಹಾಕುವುದು. 195/55 ಆರ್16 ತೆಗೆದುಕೊಂಡಿದ್ದರೆ ಒಟ್ಟು ಎತ್ತರ 621 ಮಿಮೀ, ಹಳೇದಕ್ಕೆ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಅದರಲ್ಲಿ ಲೋಡ್ ಇಂಡೆಕ್ಸ್ 87, ಸಾಮಾನ್ಯ ಟೈರು. 34-35 ಹಾಕಿದರೆ ಮುಗಿಯಿತು. 17ರಲ್ಲಿ ಎತ್ತರ 616, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸುತ್ತದೆ, ಆದರೆ ಒಂದು ಪರ್ಸೆಂಟಿನೊಳಗೇ, ಅದೇನೂ ದೊಡ್ಡದಲ್ಲ.

ಇನ್ನು 205/45 ಆರ್17 84 ಹಾಕಿಸಿದವರು ಇದ್ದರೆ ಗಮನಿಸಿ. ಅದು 36ರಲ್ಲಿ ಹೊರುವುದೇ 500. ಹಳೇ ಟೈರಿನ 522ಕ್ಕೆ ಸಮ ಮಾಡಲು ಆಗುವುದೇ ಇಲ್ಲ. ಅಂಗಡಿಯಲ್ಲಿ ಅಳತೆ ಮಾತ್ರ ಕೇಳಬೇಡಿ, ಕೊನೆಯ ಎರಡು ಅಂಕಿ ನೋಡಿ ದುಡ್ಡು ಕೊಡಿ.

ಅಡಿಕೆ_ತೋಟ
ಮಳೆಗಾಲದಲ್ಲಿ ಗ್ರಿಪ್ ಸಿಗಲಿ ಅಂತ ನಾವು 4-5 ಇಳಿಸುತ್ತೇವೆ. ತೀರ್ಥಹಳ್ಳಿ ಕಡೆ ಎಲ್ಲರೂ ಹೀಗೇ. ಕೆಸರಲ್ಲಿ ಹೂತುಹೋಗಲ್ಲ.

ಕುಡ್ಲದ_ಕಾರು
ತೋಟದ ಕೆಸರು ಬೇರೆ, ಹೈವೇ ನೀರು ಬೇರೆ ಮಾರಾಯ್ರೆ.

ಶಿಕಾಗೋ_ಶಾನುಭೋಗ
ಕುಡ್ಲದವರು ಹೇಳಿದ್ದು ಸರಿ. ತೋಟದೊಳಗೆ ನಿಧಾನಕ್ಕೆ ಹೋಗುವಾಗ ಇಳಿಸಿದರೆ ಪರವಾಗಿಲ್ಲ, ಹೊರಗೆ ಬಂದ ಮೇಲೆ ತುಂಬಿಸಲೇಬೇಕು. ಟಾರ್ ರಸ್ತೆ ಮೇಲೆ ನೀರು ನಿಂತಿದ್ದರೆ ಗಾಳಿ ಕಡಿಮೆ ಇರುವ ಟೈರು ಬೇಗ ನೀರಿನ ಮೇಲೆ ತೇಲುತ್ತದೆ. ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರಿಗೆ ಅಂತ ಒಂದು ಸೂತ್ರ ಕೊಟ್ಟರು. ಪಿಎಸ್‌ಐನ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ಗಂಟೆಗೆ ಇಷ್ಟು ಮೈಲಿ ಅಂತ ಬರುತ್ತದೆ. 33ಕ್ಕೆ ಸುಮಾರು 96 ಕಿಮೀ, 25ಕ್ಕೆ ಸುಮಾರು 83. ಕಾರಿಗೆ ಇದು ಅಂದಾಜು ಮಾತ್ರ, ಟೈರಿನ ಗೀರು ಎಷ್ಟು ಸವೆದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದೂ ಅಲ್ಲದೆ 185 ಇದ್ದದ್ದು 205 ಆಗಿದೆ, ಅಗಲ ಜಾಸ್ತಿ ಆದಷ್ಟೂ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಜಾಸ್ತಿ.

ಗಾಳಿಪಟ_ಗಿರಿ
ನೈಟ್ರೋಜನ್ ಹಾಕಿಸಿದರೆ ಇದ್ಯಾವ ತಲೆನೋವೂ ಇಲ್ಲ. ಬಿಸಿಗೆ ಹಿಗ್ಗಲ್ಲ, ಚಳಿಗೆ ಕುಗ್ಗಲ್ಲ.

ಮೆಕ್ಯಾನಿಕಲ್_ಮೇಡಂ
ಹಿಗ್ಗುತ್ತೆ ಗಿರಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ತೇವ ಇಲ್ಲದಿರುವುದು, ಸೋರುವುದು ಸ್ವಲ್ಪ ನಿಧಾನ ಆಗುವುದು, ಇಷ್ಟೇ ಲಾಭ. ರೇಸ್ ಕಾರಿಗೆ, ವಿಮಾನಕ್ಕೆ ಸರಿ. ನೈಟ್ರೋಜನ್ ಇರುವ ಟೈರಿಗೆ ಅವಸರಕ್ಕೆ ಮಾಮೂಲಿ ಗಾಳಿ ಹಾಕಿದರೂ ಏನೂ ಆಗಲ್ಲ.

ಸುಮ್ನೆ_ಬಂದೆ
ಹಸಿರು ಮುಚ್ಚಳ ಹಾಕಿಕೊಡುತ್ತಾರಲ್ಲ ಮೇಡಂ, ಅದರ ಬೆಲೆ ಕಟ್ಟಲಾಗಲ್ಲ.

ಬೆಣ್ಣೆನಗರಿ
ನಾನು ಚಾಕ್‌ಪೀಸ್‌ನಿಂದ ಟೈರ್ ಮೇಲೆ ಅಡ್ಡ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡುತ್ತೇನೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಇಷ್ಟು ಸುಲಭ ಇರುವಾಗ ಲೆಕ್ಕ ಯಾಕೆ ಬೇಕು?

ಟೈರ್_ಅಂಗಡಿ_ಚಿಕ್ಕಮಗಳೂರು
ಇದು ಹಳೇ ಪದ್ಧತಿ, ಪೂರ್ತಿ ಸುಳ್ಳಲ್ಲ. ಆದರೆ ಈಗಿನ ರೇಡಿಯಲ್ ಟೈರಿನಲ್ಲಿ ಒಳಗೆ ಉಕ್ಕಿನ ಪಟ್ಟಿ ಇರುವುದರಿಂದ 30 ಇದ್ದರೂ 38 ಇದ್ದರೂ ಗೆರೆ ಸಮನಾಗೇ ಅಳಿಸುತ್ತದೆ. ರಿಮ್ ಅಗಲ ಟೈರಿಗೆ ಸರಿಹೊಂದಿಲ್ಲದಿದ್ದರೆ ಗಾಳಿ ಸರಿ ಇದ್ದರೂ ಗೆರೆ ಬೇರೆ ಥರ ಅಳಿಸುತ್ತದೆ. ಹೊರಗಿನ ಚಕ್ರಕ್ಕೆ ಇದನ್ನು ನಂಬಬೇಡಿ.

ಹಾಸನದ_ಹೈವೇ
ಸರಿ, ಇವತ್ತು ಬೆಳಿಗ್ಗೆ ಗೇಜ್ ತಂದು ತಣ್ಣಗಿದ್ದಾಗ ಅಳೆದೆ. ಬಂಕಿನಲ್ಲಿ "35" ಅಂತ ಹೊಡೆದದ್ದು ಮೂರು ಚಕ್ರದಲ್ಲಿ 32 ಇದೆ, ಹಿಂದಿನ ಎಡಗಡೆ 29! ನಾಲ್ಕಕ್ಕೂ 37 ಮಾಡಿಸಿದ್ದೇನೆ. ಅಪ್ಪ ಅಮ್ಮನ ಜೊತೆ ಮಂಗಳೂರಿಗೆ ಹೊರಟಾಗ ಹಿಂದೆ 41. ಸ್ಟಿಯರಿಂಗ್ ಹಗುರ ಆಗಿದೆ. ಹಂಪ್ ಮೇಲೆ ಕುಲುಕುವುದು ಜಾಸ್ತಿ ಆಗಿದೆ, ನಿಜ. ಆ 29 ಯಾಕೆ ಅಂತ ಮಾತ್ರ ಅರ್ಥ ಆಗಲಿಲ್ಲ.

ಟೈರ್_ಅಂಗಡಿ_ಚಿಕ್ಕಮಗಳೂರು
ಸೋಪಿನ ನೀರು ಹಾಕಿ ನೋಡಿ. ಮೊದಲು ವಾಲ್ವ್, ಆಮೇಲೆ ಟೈರು ರಿಮ್ಮಿಗೆ ಕೂರುವ ಅಂಚು. ಹೊಸ ಅಲಾಯ್‌ಗೆ ಹಳೇ ರಬ್ಬರ್ ವಾಲ್ವನ್ನೇ ಕಿತ್ತು ಹಾಕುವವರು ಇದ್ದಾರೆ. ಅಂಚಿನಲ್ಲಿ ಪೇಂಟ್ ಗಂಟು ಇದ್ದರೂ ಸೋರುತ್ತದೆ. ಹಾಗೇ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹೊಸ ಅಲಾಯ್ ಹಾಕಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಟಾರ್ಕ್ ಪಾನಾ (ಬಿಗಿತ ಅಳೆಯುವ ಪಾನಾ) ಹಾಕಿ ನೋಡಲೇಬೇಕು. ಏರ್ ಗನ್‌ನಿಂದ ಬಿಗಿ ಮಾಡಿ "ಆಯ್ತು ಹೋಗಿ" ಅನ್ನುವವರ ಹತ್ತಿರ ಹೋಗಬೇಡಿ.

ಬಾಗಿಲ_ಸ್ಟಿಕ್ಕರ್
37 ಅಂತೆ. ನನ್ನ 36ಕ್ಕೂ ಮೇಡಂ ಅವರ 38ಕ್ಕೂ ನಡುವೆ. ರಾಜಕೀಯಕ್ಕೆ ಹೋಗಿ ನೀವು.

ಅಡಿಕೆ_ತೋಟ
ಸ್ಟೆಪ್ನಿ ಯಾವುದು ಇಟ್ಟಿದ್ದೀರಿ? ಅದಕ್ಕೂ 37ನಾ?

ಹಾಸನದ_ಹೈವೇ
ಸ್ಟೆಪ್ನಿ ಹಳೇ 15 ಇಂಚಿನ ಕಬ್ಬಿಣದ ಚಕ್ರವೇ, 185/65. ಅದಕ್ಕೆ ಎಷ್ಟು ಹಾಕಬೇಕು? ಈ ನಾಲ್ಕರ ಜೊತೆ ಅದನ್ನು ಓಡಿಸಬಹುದಾ?

ಮೆಕ್ಯಾನಿಕಲ್_ಮೇಡಂ
ಅದಕ್ಕೆ ಹಳೇ ಸ್ಟಿಕ್ಕರ್ ಲೆಕ್ಕವೇ ಸರಿ. ಬೂಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಅದಕ್ಕೆ 36 ತುಂಬಿಸಿ ಇಡಿ. ಎತ್ತರದಲ್ಲಿ 5 ಮಿಮೀ ಅಷ್ಟೇ ವ್ಯತ್ಯಾಸ, ಪಂಚರ್ ಅಂಗಡಿಯವರೆಗೆ ಓಡಿಸಲು ತೊಂದರೆ ಇಲ್ಲ. ಮುಂದಿನ ಚಕ್ರ ಪಂಚರ್ ಆದರೆ ಹಿಂದಿನ ಒಂದು ಅಲಾಯ್ ಮುಂದಕ್ಕೆ ಹಾಕಿ ಸ್ಟೆಪ್ನಿಯನ್ನು ಹಿಂದೆ ಹಾಕಿ. ನಿಧಾನಕ್ಕೆ ಹೋಗಿ.

ಟೈರ್_ಅಂಗಡಿ_ಚಿಕ್ಕಮಗಳೂರು
ಹಳೇ ನಟ್ಟುಗಳು ಎಲ್ಲಿವೆ? ಹೊರಗಿನ ಅಲಾಯ್‌ಗೆ ಕೊಡುವ ನಟ್ಟು ಎಷ್ಟೋ ಸಲ ಕಬ್ಬಿಣದ ರಿಮ್ಮಿಗೆ ಸರಿಯಾಗಿ ಕೂರಲ್ಲ. ಘಾಟಿಯಲ್ಲಿ ರಾತ್ರಿ ಪಂಚರ್ ಆದಾಗ ಗೊತ್ತಾದರೆ ಕಷ್ಟ. ನಾಲ್ಕು ಹಳೇ ನಟ್ಟು ಜ್ಯಾಕ್ ಜೊತೆಗೇ ಕಟ್ಟಿಡಿ.

ಹಾಸನದ_ಹೈವೇ
ಅಲಾಯ್ ಅಂಗಡಿಯಲ್ಲೇ ಉಳಿದಿವೆ ಅನ್ಸುತ್ತೆ. ನಾಳೆ ಹೋಗಿ ಕೇಳುತ್ತೇನೆ.

ಟೈರ್_ಅಂಗಡಿ_ಚಿಕ್ಕಮಗಳೂರು
ಇವತ್ತೇ ಹೋಗಿ. ಶನಿವಾರ ಗುಜರಿಯವನು ಬರುತ್ತಾನೆ.